ಕೊಡಲಿಯೋ ಕೋಲೋ

ಇಂಜೆಕ್ಷನ್ನಿಗೆ ಬಸ್ ಡ್ರೈವರನ ದವಡೆ ಮರಗಟ್ಟಿತ್ತು, ಭಯ ಮಾತ್ರ ಮರಗಟ್ಟಿರಲಿಲ್ಲ. ಇಕ್ಕಳ ಕಂಡದ್ದೇ ತಡ, ಎರಡೂ ಕೈ ಕುರ್ಚಿಯ ತೋಳನ್ನು ಅವುಚಿಕೊಂಡವು. ಇದೇ ಕುರ್ಚಿಯಿಂದ ಅವನು ಎರಡು ಸಲ ಎದ್ದು ಓಡಿದ್ದ.

"ಜೋಂಬಿಗಳು ಬಂದ್ರೆ ಕೊಡಲಿನೇ ಸರಿ," ಎಂದರು ದಂತವೈದ್ಯೆ, ಅಡುಗೆ ವಿಚಾರ ಮಾತಾಡುವವರ ಹಾಗೆ.

"ಕೊಡಲಿ ತಲೆಬುರುಡೇಲಿ ಸಿಕ್ಕಿಹಾಕ್ಕೊಳ್ಳುತ್ತೆ ಮೇಡಂ," ಎಂದಳು ನರ್ಸ್. "ಅದನ್ನ ಕೀಳೋಷ್ಟರಲ್ಲಿ ಹಿಂದಿಂದ ಇನ್ನೊಂದು ಬಂದು ಕಚ್ಚುತ್ತೆ. ಉದ್ದ ಕೋಲೇ ವಾಸಿ."

"ಸತ್ತೋನಿಗೆ ಕೋಲಲ್ಲಿ ತಿವಿದ್ರೆ ನೋಯುತ್ತೇನೇ?"

ಇಷ್ಟು ಓದಿದವರಿಗೆ ಇಷ್ಟೂ ತಿಳಿಯದೆ? ಡ್ರೈವರಿಗೆ ತಡೆಯಲಾಗಲಿಲ್ಲ. ಬಾಯಿ ತುಂಬ ಹತ್ತಿ, ಕನ್ನಡಿ, ವೈದ್ಯೆಯ ಬೆರಳು. ಕುರ್ಚಿಯ ತೋಳು ಬಿಟ್ಟು ಗಾಳಿಯಲ್ಲೇ ಸ್ಟೇರಿಂಗ್ ತಿರುಗಿಸಿ ತೋರಿಸಿದ.

"ಬಸ್ಸಾ? ದಾರೀಲಿ ಡೀಸೆಲ್ ಮುಗಿದ್ರೆ ಏನ್ಮಾಡ್ತೀರಿ?" ನರ್ಸ್ ಬಿಡಲಿಲ್ಲ.

ವೈದ್ಯೆಯ ಕೈ ಬಾಯಿಂದ ಹೊರಬಂದೊಡನೆ ಅವನು ಹತ್ತಿ ಉಗಿದು ನೆಟ್ಟಗೆ ಕೂತ. "ಏನ್ರೀ ನೀವು, ಅವು ಕೊಲ್ಲೋದೇ ಕಚ್ಚಿ. ಹಲ್ಲು ಕಿತ್ತುಬಿಟ್ರೆ ಕಥೆ ಮುಗೀತು. ಆಯುಧ ನಿಮ್ಮ ಕೈಯಲ್ಲೇ ಇದೆಯಲ್ಲ."

"ಗೊತ್ತು," ಎಂದು ವೈದ್ಯೆ ಇಕ್ಕಳವನ್ನು ಬೆಳಕಿಗೆ ಹಿಡಿದರು. ಅದರ ತುದಿಯಲ್ಲಿ ಆಗಲೇ ಅವನ ದವಡೆ ಹಲ್ಲಿತ್ತು.