ತೋಳಿನ ಪಟ್ಟಿ

ಮನೆಗೆ ಬಂದ ನರ್ಸ್ ಕತ್ತರಿ ತೆಗೆದದ್ದೇ ತಡ, ತಾಯಿ ಪಟ್ಟಿ ಕಟ್ಟಿದ್ದ ಮಗುವಿನ ತೋಳನ್ನು ಅಂಗೈಯಿಂದ ಮುಚ್ಚಿಕೊಂಡಳು.

"ಮುಟ್ಟಬೇಡಿ ಸಿಸ್ಟರ್. ಗುರುಗಳು ಕೊಟ್ಟಿದ್ದು."

"ಅವರ ಕೈಗೆ ಕೊಟ್ಟಿದ್ದೇ ನಾನು ಕಣಮ್ಮ. ಅದು ಅಳತೆ ಪಟ್ಟಿ, ತಾಯಿತ ಅಲ್ಲ."

"ನಿಮ್ಮ ಕೈಲಿದ್ದಾಗ ಅಳತೆ ಪಟ್ಟಿ ಇರಬಹುದು."

ನರ್ಸ್ ಕತ್ತರಿ ಕೆಳಗಿಳಿಸಿದಳು. ಕಳೆದ ತಿಂಗಳು ಪ್ರಾರ್ಥನಾ ಮಂದಿರಕ್ಕೆ ಹೋಗಿ ಪಟ್ಟಿ ಹಂಚಲು ಗುರುಗಳನ್ನು ಕಾಡಿ ಬೇಡಿ ಒಪ್ಪಿಸಿದವಳು ಅವಳೇ. ನನ್ನ ಮಾತು ಯಾರ ಮನೆಯ ಹೊಸಿಲೂ ದಾಟುವುದಿಲ್ಲ, ನೀವು ಹೇಳಿದರೆ ಒಲೆಯವರೆಗೂ ಹೋಗುತ್ತದೆ ಎಂದಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಗುರುಗಳು ಆ ಪ್ಲಾಸ್ಟಿಕ್ ಪಟ್ಟಿಯನ್ನು ಒಂದು ಮಗುವಿನ ತೋಳಿಗೆ ಸುತ್ತಿ ತೋರಿಸಿದರು. ಹಸಿರಿಗೆ ನಿಂತರೆ ಭಯವಿಲ್ಲ. ಕೆಂಪಿಗೆ ಬಂದರೆ ಮಗು ಸೊರಗಿದೆ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಮೇಲೆ ಒಂದೊಂದು ಪಟ್ಟಿಯನ್ನೂ ಕಣ್ಣಿಗೊತ್ತಿಕೊಂಡು ತಾಯಂದಿರಿಗೆ ಹಂಚಿದರು. ಅದನ್ನು ಕಂಡು ನರ್ಸ್ ಕೈಮುಗಿದಿದ್ದಳು.

ಈ ತಾಯಿ ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ಮಂದಿರ ತಲುಪಿದ್ದು ಹಂಚುವ ಹೊತ್ತಿಗೆ.

"ಮಗು ಸೊರಗಿದೆ, ಇವತ್ತೇ ಆಸ್ಪತ್ರೆಗೆ ಸೇರಿಸಬೇಕಮ್ಮ. ಹೊರಗೆ ವ್ಯಾನು ನಿಂತಿದೆ."

"ಕಟ್ಟಿದ ಮೇಲೆ ಅಳೋದೇ ನಿಲ್ಲಿಸಿದ್ದಾನೆ ಸಿಸ್ಟರ್. ಮುಂಚೆ ಓಣಿಯೆಲ್ಲ ಬೈತಿತ್ತು."

ಮಗು ನಿಜಕ್ಕೂ ಅಳುತ್ತಿರಲಿಲ್ಲ. ಕತ್ತರಿಯ ಹೊಳಪಿನ ಕಡೆಗೂ ಅದರ ಕಣ್ಣು ಹೊರಳಲಿಲ್ಲ.

"ಇದನ್ನ ಕಟ್ಕೊಂಡು ಆಸ್ಪತ್ರೆಗೆ ಹೋದ್ರೆ ನಂಬಿಕೆ ಇಲ್ಲ ಅಂದ ಹಾಗೆ. ಬೇಕಾದ್ರೆ ಗುರುಗಳೇ ಬಂದು ಬಿಚ್ಚಲಿ, ಬರ್ತೀನಿ."

ಡ್ರೈವರ್ ಹೋಗಿ ಗುರುಗಳನ್ನು ಕರೆತಂದ. ಅವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ಒಲೆಯ ಪಕ್ಕದ ಚಾಪೆಯ ಮೇಲೆ ಮಗುವಿನ ಮುಂದೆ ಕುಳಿತರು.

"ತಪ್ಪು ನನ್ನದು ಮಗಳೇ. ಇದರಲ್ಲಿ ಯಾವ ಶಕ್ತಿಯೂ ಇಲ್ಲ. ಸಿಸ್ಟರ್ ಜೊತೆ ಹೊರಡು."

"ಹಾಗಾದ್ರೆ ನೀವೇ ಬಿಚ್ಚಿ."

ಗುರುಗಳು ಗಂಟಿಗೆ ಕೈ ಹಾಕಿದರು. ಬಿಚ್ಚಬೇಕಾಗಲೇ ಇಲ್ಲ. ಪುಟ್ಟ ಕೈಯನ್ನು ತಮ್ಮತ್ತ ಎಳೆದುಕೊಂಡ ಕೂಡಲೇ ಪಟ್ಟಿ ಗಂಟಿನ ಸಮೇತ ಮೊಣಕೈ ದಾಟಿ, ಬೆರಳು ದಾಟಿ ಅವರ ಅಂಗೈಗೆ ಜಾರಿಬಿತ್ತು.

ತಾಯಿಯ ಮುಖ ಅರಳಿತು.

"ನೋಡಿದ್ರಾ, ತಾನೇ ಬಿಟ್ಟುಹೋಯ್ತು. ಇನ್ನು ಆಸ್ಪತ್ರೆ ಯಾಕೆ ಗುರುಗಳೇ?"