ಗುಲಾಬಿ ಕರ್ಪೂರದ ಬಿಲ್ಲೆ

ಖಾಸಿಂ ಅಲಿ ಎದ್ದು ಕೂತುಬಿಟ್ಟರು.

ಸುಜಾತಾಳ ಕೈಯಲ್ಲಿದ್ದ ಕಡ್ಡಿಪೆಟ್ಟಿಗೆ ಕೆಳಗೆ ಬಿತ್ತು. ಚಳಿಗಾಲದ ಆರಂಭದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಂಚ ಹಿಡಿದಿದ್ದ ಮನುಷ್ಯ. ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆಗೇನೂ ಆಗಿಲ್ಲ, ಓಡಾಡಲಿ ಎಂದಿದ್ದರು. ಅವರು ಒಪ್ಪಿರಲಿಲ್ಲ. ಹೊತ್ತುಹೊತ್ತಿಗೆ ಚಹಾ, ಕರೆದಾಗ ಓಡಿಬರುವ ಸೊಸೆ. ಏಳುವ ಅವಸರ ಅವರಿಗೇನಿತ್ತು?

ಅವಸರವಿದ್ದದ್ದು ಸೊಸೆ ತಹಮೀನಾಳಿಗೆ. ಅವಳೂ ಸುಜಾತಾಳೂ ಬೀದರಿನ ಒಂದೇ ಶಾಲೆಯಲ್ಲಿ ವಿಜ್ಞಾನ ಕಲಿಸುವವರು. ಮಾವನ ಆರೈಕೆಗೆ ತೆಗೆದುಕೊಂಡ ರಜೆ ಮುಂದಿನ ಸೋಮವಾರಕ್ಕೆ ಮುಗಿಯುತ್ತಿತ್ತು. ಅಂದು ಬಾರದಿದ್ದರೆ ಆ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರು.

ಸುಜಾತಾ ಆಗ ಮನೆಯಲ್ಲಿ ಸುಗಂಧದ ಮೇಣದಬತ್ತಿ ಮಾಡುವುದನ್ನು ಕಲಿಯುತ್ತಿದ್ದಳು. ಓದಿದ್ದು ರಸಾಯನಶಾಸ್ತ್ರ. ಒಲೆಯ ಮೇಲೆ ನೀರು, ನೀರಿನಲ್ಲಿ ಪಾತ್ರೆ, ಪಾತ್ರೆಯಲ್ಲಿ ಮೇಣ, ಮೇಣದಲ್ಲಿ ಥರ್ಮಾಮೀಟರು. ಬಿಸಿ ಹೆಚ್ಚಾದರೆ ಪರಿಮಳ ಹಾರಿಹೋಗುತ್ತಿತ್ತು, ಕಡಿಮೆಯಾದರೆ ಎಣ್ಣೆ ಬೆರೆಯದೆ ಮೇಣದ ಮೇಲೆ ಬೆವರಿನಂತೆ ಕೂರುತ್ತಿತ್ತು. ಮೊದಲ ಬತ್ತಿಗಳೆಲ್ಲ ನಡುವೆ ಗುಳಿಬಿದ್ದವು. ಕೊನೆಗೆ ಬತ್ತಿಯ ಗೊಡವೆಯೇ ಬೇಡವೆಂದು ಚಾಕಲೇಟಿನ ಅಚ್ಚಿನಲ್ಲಿ ಬಿಲ್ಲೆ ಎರೆದಳು. ಬಿಲ್ಲೆಯನ್ನು ಪುಟ್ಟ ಬಟ್ಟಲಲ್ಲಿಟ್ಟು ಕೆಳಗೊಂದು ದೀಪ ಹಚ್ಚಿದರೆ ಸಾಕು, ಕರಗಿ ಕೋಣೆ ತುಂಬುತ್ತಿತ್ತು.

"ವಾಸನಿ ನೇರ ಮೆದುಳಿಗೆ ಹೋಗ್ತದ, ತಹಮೀನಾ. ಚಾಚಾಗ ಒಮ್ಮಿ ಹಚ್ಚಿ ನೋಡೋಣು."

"ನೋಡ್ರಿ ಅಕ್ಕಾ. ಬಿರಿಯಾನಿ ವಾಸನಿಗೇ ಎದ್ದಿಲ್ಲ ಅವರು. ತಾಟ ಹಾಸಿಗಿಗೇ ತರಿಸ್ಕೋತಾರ."

ಲ್ಯಾವೆಂಡರಿಗೆ ಖಾಸಿಂ ಚಾಚಾ ಗೊರಕೆ ಹೊಡೆದರು. ನೀಲಗಿರಿಗೆ ಒಮ್ಮೆ ಸೀನಿ ಮಗ್ಗುಲು ಬದಲಿಸಿದರು. ಮೂರನೆಯದಕ್ಕೆ ಸುಜಾತಾ ಪರಿಚಿತ ಪರಿಮಳಗಳನ್ನೇ ಆರಿಸಿದಳು: ಅತ್ತರಿನ ಅಂಗಡಿಯ ಗುಲಾಬಿ, ತನ್ನ ಮನೆಯ ದೇವರ ಗೂಡಿನ ಕರ್ಪೂರ. ಈ ಸಲ ಬೇರೆ ಯಾವುದೂ ನಡುವೆ ಬರಕೂಡದು ಎಂದು ಪಟ್ಟು ಹಿಡಿದಳು. ಸಾಬೂನಿನ ವಾಸನೆ ಬೇಡವೆಂದು ತಹಮೀನಾಳ ಗಂಡ ಆಸಿಫ ತಂದೆಗೆ ಬರೀ ನೀರಿನಿಂದ ಮೈ ತೊಳೆಸಿದ. ಆ ಸುಖಕ್ಕೆ ಚಾಚಾ ನಿದ್ದೆಹೋದರು. ಬೆವರಿನ ಹೊದಿಕೆ ತೆಗೆದು ತಹಮೀನಾ ಒಗೆದ ಬಿಳಿ ಚಾದರ ಹೊದಿಸಿದಳು. ಬೀದಿಯ ಆಟೋ ಸದ್ದು ಕೇಳಬಾರದೆಂದು ಅವರ ಕಿವಿಗೆ ಹತ್ತಿ ಇಡಿಸಿದ್ದೂ ಆಯಿತು. ಗಂಡ ಹೆಂಡತಿ ಹೊರಗೆ ಹೋದರು. ಸುಜಾತಾ ದೀಪ ಹಚ್ಚಿದಳು.

ಬಿಲ್ಲೆ ಕರಗಿತು. ಚಾಚಾನ ಮೂಗು ಅಲುಗಿತು. ಎದ್ದು ಕೂತದ್ದು ಆಗಲೇ.

"ಯಾರ್ಯಾರು ಬಂದಾರ?" ಎಂದು ಗಾಬರಿಯಿಂದ ಕೇಳಿದರು. "ಆಸಿಫ ಎಲ್ಲಿದ್ದಾನ?"

ಜನರ ನೆನಪು ಚುರುಕಾಗಿದೆ ಎಂದುಕೊಂಡಳು ಸುಜಾತಾ. ಸದ್ದು ಕೇಳಿ ಬಂದ ತಹಮೀನಾ ಹೊಸ್ತಿಲಲ್ಲೇ ನಿಂತು ಗಾಳಿ ಮೂಸಿದಳು. ಅವಳ ಕೈ ತಾನಾಗಿ ದುಪಟ್ಟಾವನ್ನು ತಲೆಯ ಮೇಲೆ ಎಳೆಯಿತು. ಏನೋ ಹೇಳಲು ಬಾಯಿ ತೆರೆದವಳು, ಮಾವ ನೆಲಕ್ಕೆ ಕಾಲಿಟ್ಟದ್ದು ಕಂಡು ಮುಚ್ಚಿದಳು.

ಆ ಸಂಜೆ ಚಾಚಾ ಊರ ನಡುವಿನ ಚೌಬಾರಾದ ತನಕ ನಡೆದರು. ಕಂಡಕಂಡವರನ್ನು ನಿಲ್ಲಿಸಿ ಸಲಾಂ ಹೇಳಿ, ಮುಖ ಸರಿಯಾಗಿ ತೋರಿಸಿ ಮುಂದೆ ಹೋದರು.

"ನಿಮ್ಮ ಸೈನ್ಸ್ ಕೆಲಸ ಮಾಡ್ತು ಬಿಡ್ರಿ ಅಕ್ಕಾ," ಎಂದಳು ತಹಮೀನಾ, ದುಪಟ್ಟಾದ ಅಂಚಿನಲ್ಲಿ ಬಾಯಿ ಮುಚ್ಚಿಕೊಂಡು.

ಸುದ್ದಿ ಭಾಲ್ಕಿಯವರೆಗೆ ಹೋಯಿತು. ಅಲ್ಲಿನ ಔಷಧದ ಅಂಗಡಿಯವನೊಬ್ಬ ಬಿಲ್ಲೆ ಮಾರಿಕೊಡುವೆನೆಂದು ಫೋನು ಮಾಡಿದ. ಸುಜಾತಾ ಅವಸರಪಡಲಿಲ್ಲ. ಒಬ್ಬರ ಮೇಲೆ ಫಲಿಸಿದ್ದನ್ನು ಅವಳು ಅದೃಷ್ಟ ಎನ್ನುತ್ತಿದ್ದಳು, ಪ್ರಯೋಗ ಎನ್ನುತ್ತಿರಲಿಲ್ಲ. ಬೆನ್ನು ಹಿಡಿದು ಮಲಗಿದ್ದ ತನ್ನ ಬಕ್ಕಪ್ಪ ಕಾಕಾನನ್ನು ನೋಡಲು ಔರಾದದ ಬಸ್ಸು ಹತ್ತಿದಳು. ಅದೇ ಬಿಲ್ಲೆ, ಅದೇ ಬಟ್ಟಲು.

ಕಾಕಾ ಮೂಗರಳಿಸಿ ಕಣ್ಣು ಬಿಟ್ಟರು. ಮಲಗಿದಲ್ಲಿಂದಲೇ ದೀಪದತ್ತ ಎರಡೂ ಅಂಗೈ ಚಾಚಿ ಕಣ್ಣಿಗೊತ್ತಿಕೊಂಡರು.

"ಪ್ರಸಾದ ಏನ್ ಮಾಡೀಯವ್ವಾ?"

ಏನೂ ಇಲ್ಲವೆಂದು ತಿಳಿದು ಗೋಡೆಯತ್ತ ತಿರುಗಿ ಮಲಗಿದರು.

ಮರಳುವ ಬಸ್ಸಿನಲ್ಲಿ ಸುಜಾತಾ ಬಹಳ ಯೋಚಿಸಿದಳು. ಕಾಕಾನ ಮನೆಯ ಪಡಸಾಲೆ ದೊಡ್ಡದು, ಗಾಳಿ ಜಾಸ್ತಿ. ಕರ್ಪೂರ ಸಾಲಲಿಲ್ಲ. ಬೇರೆ ಕಾರಣವೇ ಅವಳಿಗೆ ಹೊಳೆಯಲಿಲ್ಲ.

ಭಾನುವಾರ ತಹಮೀನಾಳ ಫೋನು ಬಂತು.

"ಅಕ್ಕಾ, ನನ್ನ ನೌಕರಿ ಮುಗೀತು. ಅಬ್ಬಾ ಮತ್ತ ಮಂಚದ ಕಡೀನೇ ನೋಡಾಕತ್ತಾರ. ಸೊಂಟ ಹಿಡದದಂತ. ನಾಳಿ ಸಾಲಿಗಿ ಹ್ಯಾಂಗ ಬರ್ಲಿ?"

"ಗಾಬರಿ ಆಗಬ್ಯಾಡ. ಕರ್ಪೂರ ಎರಡರಷ್ಟ ಹಾಕಿ ಹೊಸಾ ಬಿಲ್ಲಿ ಎರದೀನಿ. ಈಗ ಬಂದೆ."

"ಬರ್ರಿ ಅಕ್ಕಾ. ನನಗ ಅನಸ್ತದ, ಹಚ್ಚೂದೂ ಬ್ಯಾಡ. ನೀವು ಡಬ್ಬಿ ಹಿಡ್ಕೊಂಡ ಬಂದ್ರ ಸಾಕು."

ಚಾಚಾ ಮಂಚದ ಅಂಚಿನಲ್ಲಿ ಕೂತಿದ್ದರು. ಒಂದು ಕಾಲು ಆಗಲೇ ಹಾಸಿಗೆಯ ಮೇಲಿತ್ತು. ಸುಜಾತಾ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಕಾಲು ಕೆಳಗಿಳಿದು ಚಪ್ಪಲಿ ಹುಡುಕಿತು.

"ನೋಡಿದ್ಯಾ ತಹಮೀನಾ, ಹಚ್ಚೂಕ್ಕಿಂತ ಮೊದಲ!" ಸುಜಾತಾಳ ಕಣ್ಣು ಹೊಳೆಯಿತು. "ಚಾಚಾ, ಖರೇ ಹೇಳ್ರಿ. ಈ ವಾಸನಿ ನಿಮ್ಮ ಸೊಂಟಕ್ಕ ಏನ್ ಮಾಡ್ತದ? ಡಬ್ಬಿ ಮ್ಯಾಲ ಬರಸ್ತೀನಿ."

"ಬರಸು ಬೇಟಿ," ಖಾಸಿಂ ಅಲಿ ಬಾಗಿಲತ್ತ ಸರಿಯುತ್ತ ಹೇಳಿದರು. "ಮೈ ತೊಳದದ, ಕಿವ್ಯಾಗ ಹತ್ತಿ, ಮ್ಯಾಲ ಬಿಳಿ ಚಾದರ, ಕೋಣಿ ತುಂಬ ಗುಲಾಬಿ ಕರ್ಪೂರದ ವಾಸನಿ. ನಮ್ಮಲ್ಲಿ ಇಷ್ಟೆಲ್ಲಾ ಸತ್ತವರ ಮಯ್ಯತ್‌ಗ ಮಾಡ್ತಾರ; ಅವತ್ತ ಇನ್ನೊಂದ ಗಳಿಗಿ ಕಣ್ಣ ಮುಚ್ಕೊಂಡಿದ್ರ ನೀವೆಲ್ಲಾ ಸೇರಿ ನನ್ನ ಹೂತೇ ಬರ್ತಿದ್ರಿ!"