ಅಡ್ಡಗೋಡೆಯ ಸಂದು

ಮಾಡಿನ ಕೆಲಸಕ್ಕೆ ಬಂದು ಏಣಿಯ ಮೇಲೆ ನಿಂತಿದ್ದ ಶ್ರೀಧರ್ ಕೆಳಗೆ ಬಗ್ಗಿ ನೋಡಿ, "ಅಮ್ಮಾ, ಪಕ್ಕದ ಮನೆಯವ್ರಿಗೆ ಹೇಳಿದ್ದೀರಾ? ಈ ಸಂದು ಮುಚ್ಚೋವಾಗ ಹೆಂಚಿನ ಧೂಳೆಲ್ಲ ಅವ್ರ ಅಡುಗೆಮನೆಗೇ ಬೀಳುತ್ತೆ," ಎಂದ.

ಪಾರ್ವತಮ್ಮ ಒಲೆಯ ಪಕ್ಕ ಕವುಚಿ ಹಾಕಿದ್ದ ಕುಕ್ಕರಿನ ಕಡೆ ತಿರುಗಿ, ಗೋಡೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಕುಕ್ಕರೇ, ಧೂಳು ಬೀಳುತ್ತಂತೆ ಕಣೇ. ಅನ್ನ, ಸಾರು ಎಲ್ಲ ಮುಚ್ಚಿಟ್ಕೋಬೇಕು."

ಗೋಡೆಯಾಚೆ ಒಂದು ತಟ್ಟೆ ಟಣ್ಣೆಂದಿತು. ಆಮೇಲೆ ಇನ್ನೊಂದು. ಪಾತ್ರೆಗಳ ಮೇಲೆ ಮುಚ್ಚಳಗಳು ಕೂರುವ ಸದ್ದು.

"ಯಾರ ಜೊತೆ ಮಾತಾಡ್ತಿದ್ದೀರಮ್ಮ?"

"ಕುಕ್ಕರ್ ಜೊತೆ. ನೀನು ನಿನ್ನ ಕೆಲ್ಸ ನೋಡಪ್ಪ."

ಮಾವಳ್ಳಿಯ ಆ ವಠಾರದಲ್ಲಿ ಆರು ಮನೆಗೂ ಸೇರಿ ಒಂದೇ ಹೆಂಚಿನ ಮಾಡು. ಮನೆಮನೆಯ ನಡುವಿನ ಅಡ್ಡಗೋಡೆ ಆಳೆತ್ತರ ದಾಟಿ ಸ್ವಲ್ಪ ಮೇಲೆ ಹೋಗಿ, ಮಾಡನ್ನು ಮುಟ್ಟದೆ ಸುಮ್ಮನಾಗಿಬಿಟ್ಟಿತ್ತು. ಉಳಿದ ಸಂದಿನಲ್ಲಿ ಒಗ್ಗರಣೆಯ ಘಾಟು, ಕೆಮ್ಮು, ಟೀವಿ ಧಾರಾವಾಹಿಯ ಅಳು ಎಲ್ಲ ಆ ಕಡೆಯಿಂದ ಈ ಕಡೆ ಓಡಾಡುತ್ತಿದ್ದವು. ಆರು ವರ್ಷದಿಂದ ಪಾರ್ವತಮ್ಮನ ಮತ್ತು ಪಕ್ಕದ ಮನೆಯ ಲಕ್ಷ್ಮೀದೇವಮ್ಮನ ಮಾತು ಓಡಾಡುತ್ತಿದ್ದುದೂ ಅಲ್ಲಿಂದಲೇ. ಪಾರ್ವತಮ್ಮ ಮಗ ಅಮರನ ಮದುವೆಗೆ ಖುದ್ದಾಗಿ ಬಂದು ಕುಂಕುಮ ಕೊಟ್ಟು ಕರೆಯದೆ, ಪತ್ರಿಕೆಯನ್ನು ಬಾಗಿಲಿಗೆ ಸಿಕ್ಕಿಸಿ ಹೋದಳು ಎಂಬುದು ಲಕ್ಷ್ಮೀದೇವಮ್ಮನ ಸಿಟ್ಟು. ಬಾಗಿಲಿಗೆ ಬೀಗ ಇತ್ತು, ನಾನೇನು ಮಾಡಲಿ ಎಂಬುದು ಪಾರ್ವತಮ್ಮನ ಸಿಟ್ಟು. ಅಂದಿನಿಂದ ಎದುರು ಸಿಕ್ಕರೂ ಮುಖ ನೋಡುವುದಿಲ್ಲ. ಇವಳು ಕುಕ್ಕರಿಗೆ ಹೇಳುತ್ತಾಳೆ, ಅವಳು ಬಾಣಲೆಗೆ ಹೇಳುತ್ತಾಳೆ. "ಬಾಣಲೇ, ಯಾರ ಮನೇಲೋ ಹಾಲು ಉಕ್ತಿದೆ ನೋಡೇ" ಎಂದು ಆ ಕಡೆಯಿಂದ ಬಂದರೆ ಇವಳು ಒಲೆಗೆ ಓಡುತ್ತಾಳೆ. ದಿನ ಬಿಟ್ಟು ದಿನ ಬರುವ ಕಾವೇರಿ ನೀರಿನ ನಲ್ಲಿ ಇರುವುದು ಪಾರ್ವತಮ್ಮನ ಕಿಟಕಿಯ ಕೆಳಗೆ. "ಕುಕ್ಕರೇ, ನೀರು ಬಂತು" ಎಂದು ಇವಳು ಕೂಗಿದ ಮೇಲೆಯೇ ಅವಳು ಬಿಂದಿಗೆ ಎತ್ತುವುದು.

ಆದರೆ ಸಂದನ್ನು ಮುಚ್ಚದೆ ವಿಧಿಯಿರಲಿಲ್ಲ. ಮೊಮ್ಮಗಳು ಲಾಸ್ಯಾಗೆ ಎರಡೂವರೆ ವರ್ಷ. ಕಾದ ಹೆಂಚಿನ ಕೆಳಗೆ ಮಲಗಲಾರದೆ ಒದ್ದಾಡುತ್ತಾಳೆ. ಹೊಗೆ, ಧೂಳು ತಾಕಿದರೆ ಸಾಕು, ಪುಟ್ಟ ಎದೆಯೊಳಗೆ ಯಾರೋ ಸಿಳ್ಳೆ ಹಾಕಿದಂತೆ ಉಸಿರು. ಬರೀ ಔಷಧಿ ಸಾಲದು, ಮನೆಯ ಗಾಳಿ ಸರಿಮಾಡಿಕೊಳ್ಳಿ ಎಂದಿದ್ದರು ಡಾಕ್ಟರು. ಹೆಂಚಿನಡಿಗೆ ಬೆಳ್ಳಿಹಾಳೆ ಅಂಟಿಸಿದ ಥರ್ಮಾಕೋಲ್ ಹಲಗೆ, ಸಂದಿಗೂ ಅದೇ, ಒಳಗಿನ ಹೊಗೆ ಹೊರಹೋಗಲು ಕಿಟಕಿಗೊಂದು ಎಕ್ಸಾಸ್ಟ್ ಫ್ಯಾನು ಎಂದು ಅಮರ್ ತೀರ್ಮಾನಿಸಿದ. ಕೆಲಸ ಮುಗಿಯುವ ತನಕ ಇರಲೆಂದು ಮಗುವನ್ನೂ ಹೆಂಡತಿಯನ್ನೂ ಅವಳ ತವರಿಗೆ ಬಿಡಲು ಹೋಗಿದ್ದ.

"ಇದೊಂದು ಹಲಗೆ ಕೂರಿಸಿದ್ರೆ ಮುಗೀತಮ್ಮ," ಎಂದ ಶ್ರೀಧರ್. "ಆಮೇಲೆ ಆ ಕಡೆ ತಮಟೆ ಬಾರಿಸಿದ್ರೂ ನಿಮಗೆ ಕೇಳಲ್ಲ."

"ಸ್ವಲ್ಪ ತಡಿಯಪ್ಪ."

ಪಾರ್ವತಮ್ಮ ಕುಕ್ಕರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. "ಕುಕ್ಕರೇ, ಬೇಕೂಂತ ಮುಚ್ತಿಲ್ಲ ಕಣೇ. ಮಗೂಗೆ ಉಬ್ಬಸ. ಹೊಗೆ ಆಗಲ್ಲ."

ಗೋಡೆಯಾಚೆಯಿಂದ ದನಿ ಬಂತು. "ಬಾಣಲೇ, ನಮಗೆ ಗೊತ್ತಿಲ್ವೇನೇ? ನಿನ್ನಲ್ಲಿ ಮೆಣಸಿನಕಾಯಿ ಹುರಿದು ಎರಡು ತಿಂಗಳಾಯ್ತು. ಸಾರಿನ ಪುಡಿ ಅಂಗಡೀದು, ಬಾಯಿಗಿಡೋಕಾಗಲ್ಲ. ಮುಚ್ಲಿ ಬಿಡು. ಮಗು ನೆಮ್ಮದಿಯಾಗಿ ಉಸಿರಾಡ್ಲಿ."

ಪಾರ್ವತಮ್ಮ ಸಂದಿನ ಕಡೆ ತಲೆ ಎತ್ತಿದಳು. ಹೌದಲ್ಲ, ಎರಡು ತಿಂಗಳಿಂದ ಆ ಘಾಟು ಬಂದಿರಲಿಲ್ಲ. ಮಗುವಿನ ಸಿಳ್ಳೆ ಈಚೆಗೆ ಕೊಂಚ ಕಡಿಮೆಯಾದಾಗ, ಔಷಧಿ ಹಿಡಿಯಿತು ಎಂದುಕೊಂಡಿದ್ದಳು.

ಶ್ರೀಧರ್ ಹಲಗೆಯನ್ನು ಒತ್ತಿ ಕೂರಿಸಿದ. ಧಾರಾವಾಹಿಯ ಅಳು ಅರ್ಧಕ್ಕೇ ನಿಂತಿತು.

ಸಂಜೆ ಐದಕ್ಕೆ ಕಿಟಕಿಯ ಕೆಳಗಿನ ನಲ್ಲಿ ಗೊರಗೊರ ಎಂದಿತು. "ಕುಕ್ಕರೇ, ನೀರು ಬಂತು!" ಎಂದು ಪಾರ್ವತಮ್ಮ ಎಂದಿನಂತೆ ಕೂಗಿದಳು. ಮನೆ ತಂಪಾಗಿತ್ತು. ಕೂಗಿದ್ದು ಅಲ್ಲೇ ಸುತ್ತಿ ಅವಳ ಕಿವಿಗೇ ವಾಪಸ್ಸು ಬಂತು. ಇನ್ನೂ ಗಟ್ಟಿಯಾಗಿ ಕೂಗಿದಳು. ಬಿಂದಿಗೆಯ ಸದ್ದಿಲ್ಲ. ಈ ಅರ್ಧ ಗಂಟೆ ತಪ್ಪಿದರೆ ನೀರು ಇನ್ನು ನಾಡಿದ್ದೇ. ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಇದ್ದದ್ದು ನಾಲ್ಕೇ ಹೆಜ್ಜೆ. ಪಕ್ಕದ ಮನೆಯ ಹೊಸ್ತಿಲ ಮುಂದೆ ನಿಂತ ಮೇಲೆ ಗೊತ್ತಾಯಿತು, ಕುಕ್ಕರ್ ಒಳಗೇ ಉಳಿದಿತ್ತು.

ಬಾಗಿಲು ತೆರೆದಿತ್ತು. ಲಕ್ಷ್ಮೀದೇವಮ್ಮ ಒಲೆಯ ಮುಂದೆ ನಿಂತು ಮೆಣಸಿನಕಾಯಿ ಹುರಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಬಾಣಲೇ, ಯಾರೋ ಬಂದಿರೋ ಹಾಗಿದೆ ನೋಡೇ."

ಪಾರ್ವತಮ್ಮ ಆಚೆ ಈಚೆ ನೋಡಿದಳು. ಮಾತಾಡಿಸಲು ಹತ್ತಿರದಲ್ಲಿ ಒಂದು ಪೊರಕೆಯೂ ಇರಲಿಲ್ಲ. ಘಾಟು ಮೂಗಿಗೇರಿ ಜೋರಾಗಿ ಸೀನಿದಳು.

"ಲಕ್ಷ್ಮಕ್ಕ," ಎಂದಳು. "ನೀರು ಬಂತು."

ಲಕ್ಷ್ಮೀದೇವಮ್ಮ ಒಲೆ ಆರಿಸಿದಳು. ಬಾಣಲೆಯನ್ನು ಕೆಳಗಿಟ್ಟಳು. ಆಮೇಲೆ ತಿರುಗಿ, ಆರು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿದಳು.

"ಯಾಕೆ ಪಾರ್ವತಿ, ಇವತ್ತು ಬೀಗ ಇರ್ಲಿಲ್ವಾ?"